ನಿಮಗಿದು ಗೊತ್ತೆ? ಅಂಗಡಿ ಬಿಟ್ಟ ಹಾಡಿನ ಸಿ.ಡಿ.

ಹಾಡಿನ ಸಿ.ಡಿ. ಮೊದಲು ಮಾರಾಟಕ್ಕೆ ಬಂದದ್ದು 1982ರಲ್ಲಿ, ಜಪಾನಿನಲ್ಲಿ. 12 ಸೆಂ.ಮೀ. ವ್ಯಾಸದ ಆ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಸುಮಾರು 74 ನಿಮಿಷಗಳ ಸಂಗೀತ. ಎಂಪಿ3 ಬಂದ ಮೇಲೆ ಅದೇ ತಟ್ಟೆಗೆ ನೂರಕ್ಕೂ ಹೆಚ್ಚು ಹಾಡು ತುಂಬತೊಡಗಿದವು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕೇಳಿಬರುವ ಬೀದರ್ ಜಿಲ್ಲೆಯ ಸಿ.ಡಿ. ಅಂಗಡಿಗಳಿಗೆ ಒಂದೇ ಭಾಷೆಯ ದಾಸ್ತಾನು ಸಾಲುತ್ತಿರಲಿಲ್ಲ. ವಚನ, ಅಭಂಗ, ಕವ್ವಾಲಿ ಎಲ್ಲಕ್ಕೂ ಇಲ್ಲಿ ಕೇಳುಗರುಂಟು. ಬೀದರ್, ಭಾಲ್ಕಿ, ಔರಾದ್‌ನಂಥ ಊರುಗಳಲ್ಲಿ ಇಂಟರ್ನೆಟ್ಟಿಗಿಂತ ಮೊದಲೇ ಈ ವ್ಯಾಪಾರ ಕಸಿದದ್ದು ಮೆಮೊರಿ ಕಾರ್ಡ್. ಮೊಬೈಲ್ ಅಂಗಡಿಯವರು ಚಿಲ್ಲರೆ ದುಡ್ಡಿಗೆ ನೂರಾರು ಹಾಡು ತುಂಬಿಕೊಡುತ್ತಿದ್ದರು (ಹಕ್ಕುಸ್ವಾಮ್ಯದ ಗೊಡವೆ ಯಾರಿಗೂ ಇರಲಿಲ್ಲ). 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದಾಗ ಕಾರ್ಡಿಗೂ ಅದೇ ಗತಿಯಾಯಿತು. ಮುಂಬೈಯ ಹೆಸರಾಂತ ಸಂಗೀತ ಮಳಿಗೆ ರಿದಮ್ ಹೌಸ್ ಬಾಗಿಲು ಹಾಕಿದ್ದೂ ಅದೇ ವರ್ಷ.