ಹಲಸಿನ ಮರದಿಂದ ವೀಣೆ

ಕೊರಟಗೆರೆ ಕಡೆ ತೋಟದ ಬದುವಿನಲ್ಲಿ ಹಲಸಿನ ಮರ ಕಂಡರೆ ನಮಗೆ ನೆನಪಾಗುವುದು ತೊಳೆ, ಹಪ್ಪಳ, ಬೀಜದ ಸಾರು. ಅದೇ ಮರದ ಬೊಡ್ಡೆಯನ್ನು ನೋಡಿ ‘ಇದರಲ್ಲಿ ಎಷ್ಟು ವೀಣೆ ಬಂದೀತು?’ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಅವರೇನೂ ದೂರದವರಲ್ಲ, ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದವರು.

ತಂಜಾವೂರು ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಆ ಹೆಸರು ಬಲ್ಲ ನಮ್ಮ ಮಧುಗಿರಿ, ಶಿರಾದ ಮಕ್ಕಳಲ್ಲಿ ಸಿಂಪಾಡಿಪುರದ ಹೆಸರು ಕೇಳಿದವರೆಷ್ಟು ಮಂದಿ? ಪೆನ್ನ ಓಬಳಯ್ಯನವರು ಕಲಿತ ವಿದ್ಯೆ ಆ ಊರಿನ ಹಲವು ಮನೆಗಳಿಗೆ ಹಬ್ಬಿ ಕಸುಬಾಗಿ ನಿಂತಿತು.

ಬಲಿತ ಹಲಸಿನ ದಿಮ್ಮಿಯನ್ನು ಚೆನ್ನಾಗಿ ಒಣಗಿಸಿ, ಕೊರೆದು, ಕೊಡವನ್ನು ಟೊಳ್ಳು ಮಾಡಬೇಕು. ದಪ್ಪ ಉಳಿಸಿದರೆ ನಾದ ಮಂಕು, ತೀರ ತೆಳುವಾದರೆ ಬಿರುಕು. ಕೊಡ, ದಂಡಿ ಎಲ್ಲವೂ ಒಂದೇ ಮರದಲ್ಲಿ ಮೂಡಿದರೆ ಅದು ಏಕಾಂಡ ವೀಣೆ. ಅದಕ್ಕೆ ಬೆಲೆ ಹೆಚ್ಚು, ಅಂಥ ಮರ ಸಿಗುವುದು ಕಡಿಮೆ.

ನಿಜವಾದ ಪರೀಕ್ಷೆ ಮೇಳ ಕಟ್ಟುವಾಗ. ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ 24 ಲೋಹದ ಮೆಟ್ಟಿಲು. ಕಪ್ಪು ಪುಡಿ ಬೆರೆಸಿದ ಮೇಣದ ಮೇಲೆ ಒಂದೊಂದನ್ನೇ ಕೂರಿಸಿ, ತಂತಿ ಮೀಟಿ, ಕೇಳಿ, ಸರಿಸಿ, ಮತ್ತೆ ಕೇಳಬೇಕು. ಇಲ್ಲಿ ಅಳತೆಪಟ್ಟಿಗಿಂತ ಕಿವಿಯೇ ದೊಡ್ಡದು. ಪಿಟೀಲಿನಲ್ಲಿ ಮೆಟ್ಟಿಲಿಲ್ಲ, ಸ್ವರ ತಪ್ಪಿದರೆ ಬೆರಳು ಸರಿಸಿಕೊಳ್ಳಬಹುದು. ವೀಣೆಯ ಮೆಟ್ಟಿಲು ಕೂದಲೆಳೆಯಷ್ಟು ತಪ್ಪಿ ಕೂತಿದ್ದರೆ ಮಗು ಎಷ್ಟು ಸಾಧನೆ ಮಾಡಿದರೂ ಬರುವುದು ಅಪಸ್ವರವೇ. ಬೈಸಿಕೊಳ್ಳುವುದು ಮಾತ್ರ ಮಗು!

ಆದ್ದರಿಂದ ಪೋಷಕರೇ, ಕೆತ್ತನೆಯ ಅಂದಕ್ಕೆ ಮರುಳಾಗುವ ಮೊದಲು ಸಂಗೀತದ ಮೇಷ್ಟರನ್ನೋ ಟೀಚರನ್ನೋ ಜೊತೆಗೆ ಕರೆದೊಯ್ದು 24 ಮೆಟ್ಟಿಲನ್ನೂ ನುಡಿಸಿ ಕೇಳಿಸಿಕೊಳ್ಳಿ. ಪಿಟೀಲು ಚಿಕ್ಕ ಮಕ್ಕಳಿಗೆಂದೇ ಕಾಲು, ಅರ್ಧ, ಮುಕ್ಕಾಲು ಅಳತೆಗಳಲ್ಲಿ ಸಿಗುತ್ತದೆ. ವೀಣೆ ದೊಡ್ಡದು, ಮಗುವಿನ ಕೈ ದಂಡಿಯ ತುದಿ ಮುಟ್ಟುವುದೇ ನೋಡಿಕೊಳ್ಳಿ. ಇನ್ನು ಬಿಸಿಲು. ಸೌರವಿದ್ಯುತ್ತಿನ ಪಾರ್ಕನ್ನೇ ತಂದ ಪಾವಗಡದ ಬಿಸಿಲಿಗೆ ಮೇಣ ಮೆತ್ತಗಾಗದೆ ಇದ್ದೀತೇ? ಕಿಟಕಿಯ ಪಕ್ಕ, ನಿಲ್ಲಿಸಿದ ಕಾರಿನೊಳಗೆ ವೀಣೆ ಇಡಬೇಡಿ. ಎಷ್ಟು ಜೋಪಾನ ಮಾಡಿದರೂ ಕೆಲವು ವರ್ಷಕ್ಕೊಮ್ಮೆ ಮೇಳ ಮತ್ತೆ ಕಟ್ಟಿಸಲೇಬೇಕು.

ಕಟ್ಟುವವರು ಆಗಲೂ ಇರಬೇಕಲ್ಲ! ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ತಿಂಗಳು ತುಂಬಿದರೆ ಸಂಬಳ. ಮರ ಒಣಗುವ ತನಕ, ಆಮೇಲೆ ಗಿರಾಕಿ ಬರುವ ತನಕ ಕಾಯುವ ಕಸುಬಿಗೆ ಹುಡುಗರು ಕೂರುವುದು ಕಷ್ಟ. ಅವರನ್ನು ದೂರುವಂತಿಲ್ಲ.

ನಮ್ಮ ಶಾಲೆಗಳ ಪ್ರವಾಸ ಹೇಗೂ ನಂದಿಬೆಟ್ಟಕ್ಕೆ ಹೋಗುತ್ತದೆ. ಒಂದೆರಡು ಗಂಟೆ ಉಳಿಸಿಕೊಂಡು, ಮೊದಲೇ ತಿಳಿಸಿ, ಸಿಂಪಾಡಿಪುರಕ್ಕೂ ಹೋಗಿ ಬನ್ನಿ. ಮೇಳ ಕಟ್ಟುವವರು ತಂತಿಗೆ ಕಿವಿಗೊಟ್ಟು ಕೂತಿರುವಾಗ ಮಾತ್ರ ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಿ.