ಓದಿನ ಸಾಲ: ಬ್ಯಾಂಕಿನ ಕಾಗದ ಮುಚ್ಚಿಡಬೇಡಿ



ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಘದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿದ ಮೇಲೆ ಒಬ್ಬ ತಾಯಿ ಮಡಚಿದ ಕಾಗದವೊಂದನ್ನು ಹೊರಗೆ ತೆಗೆದರು. "ಅಕ್ಕಾರ, ಇದನ್ನೊಂದಿಷ್ಟು ಓದಿ ಹೇಳ್ರಿ. ಬಂದು ಎರಡು ತಿಂಗಳಾತು. ಮನ್ಯಾಗ ಯಾರಿಗೂ ತೋರಿಸಿಲ್ಲ" ಎಂದರು. ಅದು ದೊಡ್ಡ ಮಗಳ ನರ್ಸಿಂಗ್ ಓದಿನ ಸಾಲಕ್ಕೆ ಬ್ಯಾಂಕಿನಿಂದ ಬಂದ ನೋಟೀಸು.

"ನಾವು ತಗೊಂಡಿದ್ದು ಮೂರು ಲಕ್ಷರಿ. ಇವರು ನಾಲ್ಕು ಲಕ್ಷದ ಮ್ಯಾಲ ಬರದಾರ. ನಮಗ ಮೋಸ ಆಗೇತಿ. ಇದು ಅವರಪ್ಪಗ ಗೊತ್ತಾದ್ರ ಸಣ್ಣಾಕೀನ ಓದು ಬಿಡಸ್ತಾರ" ಎನ್ನುವಾಗ ಅವರ ದನಿ ಇಳಿದಿತ್ತು. ಸಣ್ಣ ಮಗಳು ಆಗ ಪಿ.ಯು.ಸಿ. ಎರಡನೇ ವರ್ಷದಲ್ಲಿದ್ದಳು.

ಮೋಸವೇನೂ ಆಗಿರಲಿಲ್ಲ. ಆದರೆ ಸಾಲ ತೆಗೆದ ದಿನದಿಂದ ಅಲ್ಲಿಯವರೆಗೆ ಯಾರೂ ಅವರಿಗೆ ಲೆಕ್ಕ ಬಿಡಿಸಿ ಹೇಳಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಮಕ್ಕಳ ಓದಿಗೆ ಸಾಲ ಮಾಡಿದ ಎಲ್ಲರಿಗೂ ಈ ಲೆಕ್ಕ ಗೊತ್ತಿರಬೇಕು. ಅದಕ್ಕಾಗಿ ಈ ಲೇಖನ.

ಬಡ್ಡಿ ಯಾವಾಗಿನಿಂದ ಶುರುವಾಗುತ್ತದೆ?

"ಓದು ಮುಗಿಯೂತನಕ ಏನೂ ಕಟ್ಟೂದಿಲ್ಲ" ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಇದು ಅರ್ಧ ಮಾತ್ರ ನಿಜ. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಲು ಬಿಡುವು ಇರುತ್ತದೆ. ಬಿಡುವು ಇರುವುದು ಕಂತಿಗೆ, ಬಡ್ಡಿಗಲ್ಲ. ಬ್ಯಾಂಕು ಕಾಲೇಜಿಗೆ ಹಣ ಕಳಿಸಿದ ದಿನದಿಂದಲೇ ಆ ಹಣದ ಮೇಲೆ ಬಡ್ಡಿ ಬೆಳೆಯುತ್ತದೆ. ಬಿಡುವಿನ ಕಾಲದಲ್ಲಿ ಅದು ಸರಳ ಬಡ್ಡಿ. ಬಿಡುವು ಮುಗಿದ ದಿನ ಆ ಬಡ್ಡಿಯನ್ನು ಅಸಲಿಗೆ ಸೇರಿಸಿ ಕಂತು ಕಟ್ಟುತ್ತಾರೆ. ಅಲ್ಲಿಂದ ಮುಂದೆ ಬಡ್ಡಿಗೂ ಬಡ್ಡಿ.

ಒಂದು ಲೆಕ್ಕ ಮಾಡೋಣ

ಬಡ್ಡಿ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಶೇ. 10 ಎಂದು ಹಿಡಿಯೋಣ. ನಾಲ್ಕು ವರ್ಷದ ಓದು. ಪ್ರತಿ ವರ್ಷದ ಆರಂಭದಲ್ಲಿ 75,000 ರೂಪಾಯಿಯಂತೆ ಒಟ್ಟು 3,00,000 ರೂ. ಸಾಲ. ಓದಿನ ನಾಲ್ಕು ವರ್ಷ, ಬಿಡುವಿನ ಒಂದು ವರ್ಷ ಸೇರಿ ಐದು ವರ್ಷ ಏನನ್ನೂ ಕಟ್ಟಲಿಲ್ಲ ಎನ್ನಿ. ಆಗ:

ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ 37,500 ರೂ.
ಎರಡನೇ ವರ್ಷದ ಹಣಕ್ಕೆ ನಾಲ್ಕು ವರ್ಷದ ಬಡ್ಡಿ 30,000 ರೂ.
ಮೂರನೇ ವರ್ಷದ ಹಣಕ್ಕೆ ಮೂರು ವರ್ಷದ ಬಡ್ಡಿ 22,500 ರೂ.
ನಾಲ್ಕನೇ ವರ್ಷದ ಹಣಕ್ಕೆ ಎರಡು ವರ್ಷದ ಬಡ್ಡಿ 15,000 ರೂ.

ಒಟ್ಟು ಬಡ್ಡಿ 1,05,000 ರೂ. ಮೂರು ಲಕ್ಷದ ಸಾಲ 4,05,000 ಆಯಿತು. ಆ ತಾಯಿಯ ಕಾಗದದಲ್ಲಿ ನಾಲ್ಕು ಲಕ್ಷದ ಮೇಲೆ ಬರೆದದ್ದು ಇದೇ ಕಾರಣಕ್ಕೆ. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,350 ರೂ. ಕಂತು ಬೀಳುತ್ತದೆ.

ಇದರ ಬದಲು ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಹೋಗಿದ್ದರೆ? ಮೊದಲ ವರ್ಷ ತಿಂಗಳಿಗೆ 625 ರೂ., ಎರಡನೇ ವರ್ಷ 1,250, ಮೂರನೇ ವರ್ಷ 1,875, ಆಮೇಲೆ 2,500 ರೂ. ಹೀಗೆ ಮಾಡಿದರೆ ಬಿಡುವು ಮುಗಿದಾಗ ಸಾಲ ಮೂರು ಲಕ್ಷವೇ ಇರುತ್ತದೆ. ಕಂತು ಸುಮಾರು 3,965 ರೂ. ಆಗುತ್ತದೆ. ಮೊದಲೇ ಕಟ್ಟಿದ ಬಡ್ಡಿ ಸೇರಿಸಿ ನೋಡಿದರೂ ಒಟ್ಟಾರೆ 61,000 ರೂಪಾಯಿಗಿಂತ ಹೆಚ್ಚು ಉಳಿಯುತ್ತದೆ. ಓದಿನ ಕಾಲದಲ್ಲಿ ಬಡ್ಡಿ ಕಟ್ಟುವವರಿಗೆ ಬ್ಯಾಂಕು ದರದಲ್ಲಿ ಶೇ. 1 ರವರೆಗೆ ರಿಯಾಯಿತಿ ಕೊಡಲೂ ಅವಕಾಶವಿದೆ. ಕೇಳಿ ಪಡೆಯಬೇಕು.

"ಅಷ್ಟೂ ಕಟ್ಟಾಕ ಆಗೂದಿಲ್ಲರಿ" ಅನ್ನುತ್ತೀರಾ? ಆದಷ್ಟು ಕಟ್ಟಿ. ವಾರಕ್ಕೊಮ್ಮೆ ಸಂಘದಲ್ಲಿ ಉಳಿತಾಯ ಮಾಡುವ ನಮ್ಮ ತಾಯಂದಿರಿಗೆ ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಬಡ್ಡಿ ಸಹಾಯಧನ ತಪ್ಪಿಸಿಕೊಳ್ಳಬೇಡಿ

ಕೇಂದ್ರ ಸರಕಾರದ ಬಡ್ಡಿ ಸಹಾಯಧನ ಯೋಜನೆ 2009-10 ರಿಂದ ಇದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಒಳಗಿದ್ದು, ಮಗ ಅಥವಾ ಮಗಳು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಬಿಡುವಿನ ಕಾಲದ ಪೂರ್ತಿ ಬಡ್ಡಿಯನ್ನು ಸರಕಾರ ತುಂಬುತ್ತದೆ. ಮೇಲಿನ ಲೆಕ್ಕದಲ್ಲಿ ಅದು 1,05,000 ರೂ.! ನಡುವೆ ಓದು ಬಿಟ್ಟವರಿಗೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಪದವಿ ಅಥವಾ ಸ್ನಾತಕೋತ್ತರ, ಎರಡರಲ್ಲಿ ಒಂದಕ್ಕೆ ಮಾತ್ರ ಸಿಗುತ್ತದೆ.

ಇದು ತಾನಾಗಿಯೇ ಬರುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಹಾಕಿ ಆದಾಯ ಪ್ರಮಾಣಪತ್ರ ಪಡೆದು ಸಾಲ ಕೊಟ್ಟ ಬ್ಯಾಂಕಿಗೆ ಸಲ್ಲಿಸಬೇಕು, ಬ್ಯಾಂಕು ಸರಕಾರಕ್ಕೆ ಬೇಡಿಕೆ ಕಳಿಸಬೇಕು. "ನಮ್ಮ ಖಾತೆಗೆ ಬಡ್ಡಿ ಸಹಾಯಧನ ಜಮಾ ಆಗೇತೇನ್ರಿ?" ಎಂದು ವರ್ಷಕ್ಕೊಮ್ಮೆ ಕೇಳಿ, ಖಾತೆಯ ಲೆಕ್ಕಪಟ್ಟಿ ತೆಗೆಸಿ ನೋಡಿರಿ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವವರಿಗೆ, ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಕಾಲದಲ್ಲಿ ಶೇ. 3 ಬಡ್ಡಿ ನೆರವು ಇದರಲ್ಲಿದೆ. ನಿಮ್ಮ ಮಗಳ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಕಂತು ಶುರುವಾದ ಮೇಲೆ

ನಮ್ಮ ಕಡೆ ದುಡ್ಡು ತಿಂಗಳಾ ತಿಂಗಳಾ ಬರುವುದಿಲ್ಲ. ಕಬ್ಬಿನ ಬಿಲ್ಲು ಯಾವಾಗಲೋ ಬರುತ್ತದೆ, ಸೋಯಾ, ಹತ್ತಿ, ಕಡಲೆ ಮಾರಿದಾಗ ಒಮ್ಮೆಲೆ ಬರುತ್ತದೆ. ಮಗ್ಗದ ಮನೆಗಳಲ್ಲಿ ಕೆಲಸ ಇದ್ದಾಗ ಮಜೂರಿ. ಆದರೆ ಬ್ಯಾಂಕಿನ ಕಂತು ಪ್ರತಿ ತಿಂಗಳು ಒಂದೇ ತಾರೀಖಿಗೆ ಬೀಳುತ್ತದೆ. ಆದ್ದರಿಂದ ತಿಂಗಳ ಕಂತು ಮಗ ಅಥವಾ ಮಗಳ ಸಂಬಳದಿಂದಲೇ ಹೋಗುವಂತೆ ಮಾಡಿ. ಸಂಬಳ ಬಂದ ಮರುದಿನವೇ ಕಂತಿನ ದಿನವಿರುವಂತೆ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಸುಗ್ಗಿಯಲ್ಲಿ ಕೈಗೆ ಬಂದದ್ದರಲ್ಲಿ ಒಂದು ಪಾಲನ್ನು ಸಾಲಕ್ಕೆ ಮುಂಗಡ ಕಟ್ಟಿ. ಮೇಲಿನ ಲೆಕ್ಕದ 5,350 ರೂಪಾಯಿ ಕಂತಿನಲ್ಲಿ ಮೊದಲ ತಿಂಗಳು 3,375 ರೂ. ಬಡ್ಡಿಗೇ ಹೋಗುತ್ತದೆ. ಅಸಲಿಗೆ ಹೋಗುವುದು ಎರಡು ಸಾವಿರವೂ ಅಲ್ಲ. ಆರಂಭದಲ್ಲೇ 20,000 ರೂ. ಹೆಚ್ಚಿಗೆ ಕಟ್ಟಿದರೆ ಸುಮಾರು ಹತ್ತು ಕಂತುಗಳ ಅಸಲು ತೀರಿದಂತೆ. ಅವಧಿಗೆ ಮೊದಲೇ ಕಟ್ಟಿದರೆ ಮಾದರಿ ಯೋಜನೆಯ ಪ್ರಕಾರ ದಂಡವಿಲ್ಲ. "ಇದನ್ನು ಅಸಲಿಗೆ ಜಮಾ ಮಾಡ್ರಿ, ಅವಧಿ ಕಡಿಮೆ ಮಾಡ್ರಿ" ಎಂದು ಬರೆದುಕೊಟ್ಟು ರಸೀದಿ ಪಡೆಯಿರಿ.

ಕಂತು ಕಟ್ಟಲಾಗದಿದ್ದರೆ?

ಕೆಲಸ ಸಿಗಲಿಲ್ಲ, ಸಂಬಳ ಸಾಲದು, ಮನೆಯಲ್ಲಿ ಜಡ್ಡು, ಮಳೆ ಕೈಕೊಟ್ಟಿತು. ಇಂಥವು ಯಾರಿಗೂ ಬರಬಹುದು. ಇಂಥ ಹೊತ್ತಿನಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಬ್ಯಾಂಕಿನ ಕಡೆ ಮುಖ ಹಾಕುವುದನ್ನೇ ಬಿಡುವುದು.

ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಸಾಲ ಅನುತ್ಪಾದಕ ಎಂದು ದಾಖಲಾಗುತ್ತದೆ. ಓದಿನ ಸಾಲದಲ್ಲಿ ತಂದೆ ಅಥವಾ ತಾಯಿಯೂ ಸಹ-ಸಾಲಗಾರರು. ಮಗಳ ಸಾಲ ಸುಸ್ತಿಯಾದರೆ ಅದು ಅಪ್ಪನ ಸಿಬಿಲ್ ವರದಿಯಲ್ಲಿಯೂ ಕಾಣುತ್ತದೆ. ನಾಳೆ ಅವರು ಟ್ರ್ಯಾಕ್ಟರ್ ಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ತೊಡಕಾಗಬಹುದು.

ಆದ್ದರಿಂದ ಕಂತು ತಪ್ಪುವ ಮೊದಲೇ ಮ್ಯಾನೇಜರರನ್ನು ಕಂಡು ಅರ್ಜಿ ಕೊಡಿ. ಒಂದು ಪ್ರತಿಗೆ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಕೆಲಸವಿಲ್ಲದ ಅವಧಿಗೆ ಮತ್ತೆ ಬಿಡುವು ಕೊಡಲು, ಮೊದಲು ಸಣ್ಣ ಕಂತು, ಸಂಬಳ ಏರಿದಂತೆ ದೊಡ್ಡ ಕಂತು ಮಾಡಲು, ಮರುಪಾವತಿ ಅವಧಿಯನ್ನು 15 ವರ್ಷದವರೆಗೆ ಮಾಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ತೀರ್ಮಾನ ಬ್ಯಾಂಕಿನದು. ಆದರೆ ಅವಧಿ ಬೆಳೆದಷ್ಟೂ ಬಡ್ಡಿ ಹೆಚ್ಚು ಎಂಬುದು ನೆನಪಿರಲಿ. 4,05,000 ರೂಪಾಯಿಯನ್ನು 15 ವರ್ಷಕ್ಕೆ ಮಾಡಿದರೆ ಕಂತು 4,350ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವ ಹಣ ಮಾತ್ರ 1,41,000 ರೂ. ಹೆಚ್ಚುತ್ತದೆ. ಇದು ಕಷ್ಟ ಕಾಲದ ಔಷಧಿ, ದಿನದ ಊಟವಲ್ಲ.

ಬ್ಯಾಂಕಿನ ಕಂತು ಕಟ್ಟಲು ಕೈಗಡ, ಮೀಟರ್ ಬಡ್ಡಿ, ಮೈಕ್ರೋಫೈನಾನ್ಸ್ ಸಾಲ ತರಬೇಡಿ. ಶೇ. 10ರ ಸಾಲ ತೀರಿಸಲು ಅದರ ಎರಡು ಮೂರು ಪಟ್ಟು ಬಡ್ಡಿಯ ಸಾಲ ಮಾಡಿದರೆ ಬೆಂಕಿಗೆ ಎಣ್ಣೆ ಹಾಕಿದಂತೆ.

ವಸೂಲಿಗೆ ಬರುವವರು ಮುಂಜಾನೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಬ್ಯಾಂಕಿಗೆ ಬರೆದುಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ಬಹಳ ಹಳೆಯ ಬಾಕಿಯಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿಗೆ ಅವಕಾಶವಿದೆ.

ಮನ್ನಾ ಆಗುತ್ತದೆಯೇ?

"ತಡೀರಿ, ಚುನಾವಣಿ ಬಂದ್ರ ಮನ್ನಾ ಆಕ್ಕೈತಿ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. 2008ರಲ್ಲಿ ಕೇಂದ್ರ ಸರಕಾರ ಮಾಡಿದ ಮನ್ನಾ ಕೃಷಿ ಸಾಲದ್ದು. 2018ರಲ್ಲಿ ರಾಜ್ಯ ಸರಕಾರ ಘೋಷಿಸಿದ್ದು ಬೆಳೆ ಸಾಲದ ಮನ್ನಾ. ಓದಿನ ಸಾಲ ಎರಡರಲ್ಲಿಯೂ ಇರಲಿಲ್ಲ. ಮನ್ನಾ ಬರುತ್ತದೆಂದು ಕಂತು ನಿಲ್ಲಿಸಿದವರಿಗೆ ಉಳಿಯುವುದು ಬೆಳೆದ ಬಡ್ಡಿ ಮಾತ್ರ.

ಬ್ಯಾಂಕಿನ ಹೆಸರು ಬದಲಾಗಿದೆಯೇ?

ಹಳೆಯ ಸಾಲದವರು ಗಮನಿಸಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ನಮ್ಮ ಭಾಗದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಬ್ಯಾಂಕು ಹೋದರೂ ಸಾಲ ಹೋಗುವುದಿಲ್ಲ. ಹೊಸ ಬ್ಯಾಂಕಿನ ಶಾಖೆಗೆ ಹೋಗಿ ಖಾತೆ ಸಂಖ್ಯೆ, ಬಾಕಿ, ಹಿಂದೆ ಕಟ್ಟಿದ ಹಣ ಎಲ್ಲವೂ ಸರಿಯಿದೆಯೇ ನೋಡಿ.

ಹೊಸದಾಗಿ ಸಾಲ ತೆಗೆಯುವವರಿಗೆ

4 ಲಕ್ಷ ರೂ. ವರೆಗಿನ ಓದಿನ ಸಾಲಕ್ಕೆ ಬ್ಯಾಂಕು ಹೊಲ, ಮನೆ ಅಡವು ಕೇಳುವಂತಿಲ್ಲ. "ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಬರೂದಿಲ್ಲ" ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ತಿಳಿಸಿದೆ. ಸಿಇಟಿ, ನೀಟ್ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ಸಮುದಾಯದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ, ಸೇವಾ ಶುಲ್ಕ ಶೇ. 2 ಮಾತ್ರ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದಲ್ಲಿ ಇದೇ ಹೆಸರಿನ ಸಾಲವಿದೆ. ಮೊದಲು ಇವನ್ನು ವಿಚಾರಿಸಿ, ಸಾಲದಿದ್ದರೆ ಬ್ಯಾಂಕಿಗೆ ಹೋಗಿ. ವಿದ್ಯಾರ್ಥಿವೇತನ ಸಿಕ್ಕರೆ ಅಷ್ಟು ಸಾಲ ಕಡಿಮೆ ತೆಗೆಯಿರಿ. ಮಂಜೂರಾದದ್ದನ್ನೆಲ್ಲ ತೆಗೆಯಲೇಬೇಕೆಂದಿಲ್ಲ.

ಆ ತಾಯಿಯ ಮನೆಯಲ್ಲಿ ಮುಂದೇನಾಯಿತು?

ಮರುದಿನ ತಂದೆ, ತಾಯಿ ಇಬ್ಬರೂ ಕೂಡಿಯೇ ಬ್ಯಾಂಕಿಗೆ ಹೋದರು. ಆದಾಯ ಪ್ರಮಾಣಪತ್ರ ಕೊಡದೇ ಇದ್ದುದರಿಂದ ಹಳೆಯ ವರ್ಷಗಳ ಸಹಾಯಧನ ಸಿಗಲಿಲ್ಲ. ಆ ನಷ್ಟ ನಷ್ಟವೇ. ಆದರೆ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಟ್ಟರು. ಈಗ ಮಗಳು ಪ್ರತಿ ತಿಂಗಳು ತಪ್ಪದೆ ಕಟ್ಟುತ್ತಿದ್ದಾಳೆ. ಅಪ್ಪ ಸಿಟ್ಟಾಗುತ್ತಾರೆಂದು ತಾಯಿ ಹೆದರಿದ್ದರಲ್ಲ? ಅವರು ಲೆಕ್ಕ ಕೇಳಿಸಿಕೊಂಡು, "ಇದನ್ನ ಮೊದಲ ಹೇಳಿದ್ರ ವರ್ಷಾ ಕಬ್ಬಿನ ಬಿಲ್ಲಿನಾಗ ಒಂದಿಷ್ಟು ಕಟ್ಟತಿದ್ದೆ" ಎಂದಷ್ಟೇ ಅಂದರಂತೆ. ಸಣ್ಣ ಮಗಳ ಓದು ನಿಲ್ಲಲಿಲ್ಲ. ಅವಳ ಅರ್ಜಿಯ ಜೊತೆಗೇ ಆದಾಯ ಪ್ರಮಾಣಪತ್ರವೂ ಹೋಗಿದೆ.

ನಿಮ್ಮ ಮನೆಯಲ್ಲಿಯೂ ಅಂಥ ಕಾಗದವಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಮಂಜೂರಾತಿ ಪತ್ರ, ಪಾಸ್ ಬುಕ್ಕು, ನೋಟೀಸು ಮೂರನ್ನೂ ಒಂದೇ ಚೀಲದಲ್ಲಿಡಿ. ಮನೆಮಂದಿ ಕೂತು ಓದಿರಿ. ತಿಳಿಯದಿದ್ದರೆ ಸಂಘದ ಮುಂದಿನ ಸಭೆಗೆ ತನ್ನಿರಿ, ಕೂಡಿ ಲೆಕ್ಕ ಮಾಡೋಣ.