ಕೊಳವೆಗೊಂದು ಅಂಗಿ

ಭಾನುವಾರ ಮೊಮ್ಮಗನೊಂದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ನಂದಿಯ ಬಳಿ ಕೂತರೂ ಅವನ ಮುಖ ಸಪ್ಪಗೇ ಇತ್ತು. ಹಿಂದಿನ ದಿನ ಅವನ ಮಾದರಿ ರಾಕೆಟ್ ನೆಲಕ್ಕೆ ಬಡಿದು ರಟ್ಟಿನ ಕೊಳವೆ ನಜ್ಜುಗುಜ್ಜಾಗಿತ್ತು.

"ತಾತ, ಕಬ್ಬಿಣದ ಪೈಪ್ ಹಾಕಿದ್ರೆ?"

ಉತ್ತರಕ್ಕೆ ಶ್ರೀರಂಗಪಟ್ಟಣದ ದಿಕ್ಕಿಗೆ ಕೈ ತೋರಿಸಿದೆ. "ಹೈದರ್, ಟಿಪ್ಪು ಮಾಡಿದ್ದು ಅದನ್ನೇ. ಯೂರೋಪಿನವರು ರಟ್ಟಿನ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲ. ಕಬ್ಬಿಣ ಒಳಗಿನ ಒತ್ತಡ ತಡೀತು, ರಾಕೆಟ್ ದೂರ ಹಾರಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂಥ ಸಾವಿರದಷ್ಟು ರಾಕೆಟ್ ಸಿಕ್ಕವು."

"ಹಾಗಾದ್ರೆ ನಮಗೂ?"

"ಬೇಡವೇ ಬೇಡ. ಒಡೆದರೆ ಚೂರು ನಮ್ಮ ಮೇಲೇ ಬರುತ್ತೆ. ಅವರ ಕೊಳವೆಯೊಳಗೇ ಮದ್ದು ಉರಿಯುತ್ತಿತ್ತು. ನಿನ್ನದಕ್ಕೆ ಬೇರೆ ಮೋಟಾರ್ ಇದೆಯಲ್ಲ, ಮೈ ಪೆಟ್ಟು ತಾಳಿದರೆ ಸಾಕು."

ಮನೆಗೆ ಬಂದು ಹೊಸ ರಟ್ಟಿನ ಕೊಳವೆಗೆ ತೆಳು ಫೈಬರ್‌ಗ್ಲಾಸ್ ಬಟ್ಟೆ ಸುತ್ತಿದೆವು. ಕೈಗವಸು ಹಾಕಿ, ಗಾಳಿಯಾಡುವ ಜಗಲಿಯಲ್ಲಿ ಕೂತು, ಡಬ್ಬಿಯ ಮೇಲಿದ್ದ ಅಳತೆಯಂತೆ ಎಪಾಕ್ಸಿಗೆ ಹಾರ್ಡನರ್ ಬೆರೆಸಿ ಬ್ರಷ್‌ನಿಂದ ಹಚ್ಚಿದೆ. ಬಿಳಿ ಬಟ್ಟೆ ಅಂಟು ಕುಡಿದು ಕಣ್ಣಿಗೇ ಕಾಣದಾಯಿತು! ಮರುದಿನ ಉಪ್ಪುಕಾಗದದಿಂದ ಉಜ್ಜಿದ್ದೂ ನಾನೇ, ಮಾಸ್ಕ್ ಹಾಕಿಕೊಂಡು. ಆ ದೂಳು ಮಕ್ಕಳಿಗಲ್ಲ, ಮುದುಕರಿಗೂ ಒಳ್ಳೆಯದಲ್ಲ.

ಮೊಮ್ಮಗ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದ. ತೂಕ ಕೊಂಚ ಏರಿತ್ತು.

"ಅಷ್ಟೆತ್ತರ ಹಾರಲ್ವಲ್ಲ ತಾತ" ಎನ್ನುತ್ತಲೇ ಹೆಬ್ಬೆರಳಿನಿಂದ ಬಲವಾಗಿ ಒತ್ತಿದ. ಕೊಳವೆ ಬಗ್ಗಲಿಲ್ಲ.